ಮಾವನವರಿಗೆ ಪ್ರಥಮ ಚಿಕಿತ್ಸೆ

ಈ ಸಲ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಕನಿಷ್ಠ ಒಂದು ಜೀವವನ್ನಾದರೂ ಉಳಿಸದೆ ಮನೆಗೆ ಮರಳುವುದಿಲ್ಲ ಎಂದು ನಾನು ಶಪಥ ಮಾಡಿದೆ. ಯಾರ ಜೀವ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅದು ಹೊಲಕ್ಕೆ ಹೋದ ಮೇಲೆ ನೋಡಿಕೊಳ್ಳಬಹುದಾದ ಚಿಲ್ಲರೆ ವಿಷಯ. ಮುಖ್ಯವಾದದ್ದೆಂದರೆ ಉಳಿಸುವವನು ತಯಾರಾಗಿರುವುದು. ನಾನು ತಯಾರಾಗಿದ್ದೆ!

ಸುಮ್ಮನೆ ತಯಾರಾದವನಲ್ಲ. ಹಾವೇರಿಯಲ್ಲಿ ನೌಕರರಿಗೆಂದು ನಡೆದ ಎರಡು ದಿನದ ಪ್ರಥಮ ಚಿಕಿತ್ಸೆ ತರಬೇತಿಗೆ ನಮ್ಮ ಕಚೇರಿಯಿಂದ ಆಯ್ಕೆಯಾಗಿ ಹೋದ ಏಕಮೇವ ವೀರ ನಾನು. ಉಳಿದವರಿಗೆಲ್ಲ ಕೆಲಸವಿತ್ತು. ತರಬೇತಿ ಕೊಟ್ಟ ಫಿರೋಜ್ ಸರ್ ಚುರುಕಿನ ಹುಡುಗ. ರಕ್ತಸ್ರಾವದ ಪಾಠ ಮಾಡುವಾಗ ನಾನು ಚಹಾಕ್ಕೆ ಹೋಗಿದ್ದೆ. ಹಾವು ಕಡಿತದ ಹೊತ್ತಿಗೆ ಮಂಡಕ್ಕಿ ಗಿರಮಿಟ್ಟಿನ ಗಾಡಿಯ ಮುಂದೆ ನಿಂತಿದ್ದೆ. ಮೂರ್ಛೆಯ ಪಾಠಕ್ಕೆ ಮಾತ್ರ ಪೂರ್ಣ ಹಾಜರಿದ್ದೆ. ಆದರೆ ಊಟದ ನಂತರದ ತರಗತಿಯಾದ್ದರಿಂದ ಉದಾಹರಣೆಗೆ ಎಂಬಂತೆ ನಾನೇ ಮೂರ್ಛೆ ಹೋಗಿದ್ದೆ. ಆದರೇನು? ನಡುನಡುವೆ ಕಿವಿಗೆ ಬಿದ್ದದ್ದನ್ನೆಲ್ಲ ಭಟ್ಟಿ ಇಳಿಸಿ ಮೂರೇ ಮಾತಿನ ಸಾರ ತೆಗೆದಿದ್ದೆ: ಎತ್ತು, ಒತ್ತು, ಸುತ್ತು! ಕ್ರಿಯಾಪದಗಳೆಲ್ಲ ಕಂಠಪಾಠ. ಏನನ್ನು ಎತ್ತಬೇಕು, ಎಲ್ಲಿ ಒತ್ತಬೇಕು, ಎಷ್ಟು ಸುತ್ತಬೇಕು ಎಂಬ ಉಳಿದ ವ್ಯಾಕರಣ ಮಾತ್ರ ಸ್ವಲ್ಪ ಮಸುಕಾಗಿತ್ತು.

ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಕೆಂಪು ಪ್ಲಸ್ ಗುರುತಿನ ಬಿಳಿ ಪೆಟ್ಟಿಗೆ ಕೊಂಡು ತಂದೆ. ಅದರೊಳಗೆ ಬ್ಯಾಂಡೇಜ್ ಸುರುಳಿಗಳು, ಹತ್ತಿ, ಟಿಂಚರ್, ಕತ್ತರಿ. ಇನ್ನು ಬೇಕಾಗಿದ್ದದ್ದು ಒಬ್ಬ ಗಾಯಾಳು, ಅಷ್ಟೆ.

ಈ ಗಾಯಾಳುವಿನ ಅಗತ್ಯಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮಗಳು ಸುರೇಖಾ ಆಗ ಕಾಲೇಜಿನ ಎನ್‌ಸಿಸಿಯಲ್ಲಿದ್ದಳು. ಸಂಕ್ರಾಂತಿಯ ನಂತರ ಅವಳ ತಂಡ ದಾಂಡೇಲಿ ಕಾಡಿಗೆ ಚಾರಣ ಹೊರಟಿತ್ತು. ಮನೆಯವರ ಒಪ್ಪಿಗೆ ಇಲ್ಲದವರನ್ನು ಕರೆದೊಯ್ಯುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ನನ್ನ ಒಪ್ಪಿಗೆ ಏನೋ ಇತ್ತು, ಆದರೆ ನನ್ನ ಒಪ್ಪಿಗೆಗೆ ನಮ್ಮ ಮನೆಯಲ್ಲಿ ಹಾಲಿನವನೂ ಬೆಲೆ ಕೊಡುವುದಿಲ್ಲ. ನಮ್ಮ ಹೈಕೋರ್ಟು ನನ್ನ ಹೆಂಡತಿ ಪುಷ್ಪಲತಾ. ಸುಪ್ರೀಂ ಕೋರ್ಟು ಕದರಮಂಡಲಗಿಯಲ್ಲಿರುವ ಅವಳ ತಂದೆ ಸಿದ್ದಲಿಂಗಪ್ಪನವರು. ಎರಡೂ ಕೋರ್ಟುಗಳು ಅರ್ಜಿಯನ್ನು ವಜಾ ಮಾಡಿ ಕೂತಿದ್ದವು. ಹುಡುಗಿ ಹೊಸ ಬೂಟು ಕೊಂಡು, ಅದನ್ನು ಮನೆಯೊಳಗೇ ಹಾಕಿಕೊಂಡು ಓಡಾಡುತ್ತಿತ್ತು.

"ಅಡವ್ಯಾಗ ಕಾಲು ಉಳಕಿದ್ರ, ಜೇನು ಎದ್ರ, ಹಾವು ಕಡದ್ರ ಯಾರು ನೋಡ್ತಾರ?" ಎಂದಳು ಪುಷ್ಪಲತಾ.

"ನಾನು ನೋಡ್ತೇನಿ! ಪಾಲಕರ ಪರವಾಗಿ ಒಬ್ರು ಬರಬಹುದು ಅಂದಾರ. ನಾನೇ ಹೊಂಟೆ!"

"ನೋಡೂದರಾಗ ನೀವು ಹುಷಾರ ಅದೀರಿ ಬಿಡ್ರಿ. ಮಾಡೂದು ಯಾರು?"

"ಪ್ರಮಾಣಪತ್ರ ಕಾಣವಲ್ದೇನು?"

"ಅದರಾಗ ನಿಮ್ಮ ಹೆಸರೈತಿ, ಅಷ್ಟ. ಮನ್ಯಾಗ ಸೊಳ್ಳಿ ಕಡದ್ರ ಓಣಿ ಎಬ್ಬಸೂ ಮನುಷ್ಯಾ ನೀವು!"

"ಅವ್ವಾ, ನನಗೂ ಎನ್‌ಸಿಸಿಯೊಳಗ..." ಎಂದು ಸುರೇಖಾ ಬಾಯಿ ತೆರೆದಳು.

"ನೀ ಸುಮ್ಕಿರು. ದೊಡ್ಡವರು ಮಾತಾಡಾಕತ್ತೇವಿ," ಎಂದೆ ನಾನು. ಆ ವಾರವೆಲ್ಲ ಅವಳಿಗೆ ಎತ್ತು-ಒತ್ತು-ಸುತ್ತು ಸಿದ್ಧಾಂತವನ್ನು ಬೋಧಿಸುತ್ತಿದ್ದೆ. ಅವಳು ಬಾಯಿ ತೆರೆದಾಗಲೆಲ್ಲ ಸಂಶಯ ಕೇಳುತ್ತಿದ್ದಾಳೆ ಎಂದುಕೊಂಡು ಇನ್ನಷ್ಟು ಬೋಧಿಸುತ್ತಿದ್ದೆ.

ಕೊನೆಗೆ ಪುಷ್ಪಲತಾ ಒಂದು ಷರತ್ತು ಹಾಕಿದಳು. "ಎಳ್ಳಮಾಸಿಗೆ ಅಪ್ಪನ ಹೊಲಕ್ಕ ಹೊಂಟೇವಲ್ಲ, ಅಲ್ಲೇ ನೋಡೂಣು. ಬೆಳಗಿಂದ ಸಂಜೀತನಕ ನಮ್ಮ ಮಂದೀನೆಲ್ಲಾ ಹುಷಾರಾಗಿ ಇಟ್ಟು, ಹೆಂಗ ಒಯ್ದೀರೋ ಹಂಗ ಮನಿ ಮುಟ್ಟಸ್ರಿ. ಆಮ್ಯಾಲೆ ದಾಂಡೇಲಿ ಮಾತು. ಅಪ್ಪಗೂ ನಾನ ಹೇಳ್ತೇನಿ."

ಸುರೇಖಾ ನನ್ನ ಮುಖ ನೋಡಿದಳು. ಪರೀಕ್ಷೆ ತನ್ನದು, ಬರೆಯುವವನು ಅಪ್ಪ ಎಂದು ತಿಳಿದ ಯಾವ ಮಗುವಾದರೂ ನೋಡುವಂತೆ ನೋಡಿದಳು.

ನಮ್ಮ ಕಡೆ ಎಳ್ಳಮಾವಾಸ್ಯೆಯ ಊಟ ಮನೆಯಲ್ಲಲ್ಲ, ಹೊಲದಲ್ಲಿ. ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ನಡೆಯುತ್ತ ನೈವೇದ್ಯದ ಅಡುಗೆಯನ್ನು ಚರಗವೆಂದು ಚೆಲ್ಲಿ, ಅವಳು ಉಂಡ ಮೇಲೆ ನಾವು ಉಣ್ಣುವುದು. ಅವಳು ಎಷ್ಟು ಉಣ್ಣುತ್ತಾಳೋ ಗೊತ್ತಿಲ್ಲ. ನಾವು ಮಾತ್ರ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕಡುಬು, ಶೇಂಗಾ ಹೋಳಿಗೆ, ಮೊಸರುಬುತ್ತಿ ಎಂದು ನೆಲಕ್ಕೆ ಕೈಯೂರಿ ಏಳುವಷ್ಟು ಉಣ್ಣುತ್ತೇವೆ. ಅಂದು ಹಾವೇರಿಯಿಂದ ಬ್ಯಾಡಗಿಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ನನ್ನ ತೊಡೆಯ ಮೇಲೆ ಬಿಳಿ ಪೆಟ್ಟಿಗೆ ನೋಡಿದ ಟಂಟಂನವನು "ಪೋಲಿಯೋ ಹನಿ ಹಾಕಾಕ ಹೊಂಟೀರೇನ್ರಿ?" ಎಂದು ಕೇಳಿದ. ಅಜ್ಞಾನಿಗಳೊಂದಿಗೆ ನಾನು ವಾದಿಸುವುದಿಲ್ಲ.

ಮಾವನವರ ಹೊಲದ ಕಣದ ತುಂಬ ಮೆಣಸಿನಕಾಯಿ ಒಣಗಲು ಹರಡಿದ್ದರು. ಕೆಂಪು ಎಂದರೆ ಕೆಂಪು! ಅಸಲಿ ಬ್ಯಾಡಗಿ ಕಾಯಿ. ಈ ಕಾಯಿಯ ಬಗ್ಗೆ ನಮಗೆಲ್ಲ ಒಂದು ಹಮ್ಮಿದೆ. ಇದು ಪ್ರಸಿದ್ಧವಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಖಾರ ಹತ್ತಿತೆಂದರೆ ಎಲ್ಲಿಯೋ ಬೇರೆ ಬೀಜ ಬೆರೆತಿದೆ ಎಂದೇ ಅರ್ಥ. ಪೇಟೆಯಲ್ಲಿ ಮರ್ಯಾದೆ ಹೋಯಿತು. ಹೊಸದಾಗಿ ವರ್ಗವಾಗಿ ಬಂದ ನಮ್ಮ ಸಾಹೇಬರಿಗೆ ನಾನೇ ಹೇಳಿದ್ದೆ: "ಸರ್, ಬೇರೆ ಊರಿನ ಮೆಣಸಿನಕಾಯಿ ಜಗಳಗಂಟಿ. ನಮ್ಮದು ಸಂಭಾವಿತ. ಬೇಕಾದರೆ ಕಾಡಿಗೆಯ ಹಾಗೆ ಕಣ್ಣಿಗೆ ಹಚ್ಚಿಕೊಳ್ಳಬಹುದು!" ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಈಗಲೂ ಮರೆತಿಲ್ಲ.

ಅಂದಿನ ಊಟಕ್ಕೆ ಹೊರಗಿನವರು ಇಬ್ಬರು. ಪಕ್ಕದ ಹೊಲದ ಫಕ್ಕೀರಸಾಬರು, ಮಾವನವರ ಬಾಲ್ಯದ ಗೆಳೆಯರು. ಇನ್ನೊಬ್ಬರು ಶಂಕ್ರಪ್ಪ, ಬ್ಯಾಡಗಿ ಪೇಟೆಯ ಮೆಣಸಿನಕಾಯಿ ವ್ಯಾಪಾರಿ. ಕರೆದದ್ದು ಊಟಕ್ಕೆ. ಆದರೆ ಉಣ್ಣುವಾಗಲೂ ಶಂಕ್ರಪ್ಪನವರ ಒಂದು ಕಣ್ಣು ಕಣದ ಮೇಲೆ, ಮಾವನವರ ಎರಡೂ ಕಣ್ಣು ಶಂಕ್ರಪ್ಪನವರ ಮೇಲೆ.

ಮೊದಲ ರೋಗಿ ಊಟಕ್ಕೆ ಮೊದಲೇ ಸಿಕ್ಕ. ಚರಗ ಚೆಲ್ಲುತ್ತ ಬದುವಿನ ಮೇಲೆ ನಡೆಯುವಾಗ ಫಕ್ಕೀರಸಾಬರು "ಹಾ!" ಎಂದು ಕಾಲೆತ್ತಿದರು. ಹಿಮ್ಮಡಿಗೆ ಜಾಲಿ ಮುಳ್ಳು! ನನಗಾದ ಸಂತೋಷವನ್ನು ಏನೆಂದು ಹೇಳಲಿ? ಅವರನ್ನು ಕೂರಿಸಿದೆ. ಕಾಲು ಎತ್ತಿದೆ. ಒತ್ತಿದೆ. ಆಮೇಲೆ ಸುತ್ತಿದೆ, ಸುತ್ತಿದೆ, ಹಿಮ್ಮಡಿಯಿಂದ ಮೊಣಕಾಲಿನವರೆಗೆ ಸುತ್ತಿದೆ. ಸುರುಳಿ ಮುಗಿದಾಗ ಫಕ್ಕೀರಸಾಬರ ಒಂದು ಕಾಲು ಅವರದ್ದಾಗಿತ್ತು, ಇನ್ನೊಂದು ಆನೆಯದ್ದಾಗಿತ್ತು. ಬೆರಗಿನಿಂದ ಅದನ್ನು ಹಿಂದೆ ಮುಂದೆ ನೋಡಿಕೊಂಡು ಅವರು ಬಹಳ ಸೌಜನ್ಯದಿಂದ ಹೇಳಿದರು:

"ಅಳಿಯರ, ಪಟ್ಟಿ ಭಾಳ ಚಲೋ ಕಟ್ಟೀರಿ. ಮುಳ್ಳು ಮಾತ್ರ ಒಳಗ ಐತಿ."

"ಇರ್ಲಿ ಬಿಡ್ರಿ ಸಾಹೇಬ್ರ. ಈಗ ಅದು ಎಲ್ಲೂ ಓಡಿಹೋಗೂದಿಲ್ಲ," ಎಂದೆ.

ಪುಷ್ಪಲತಾ ದೂರದಿಂದ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಬರೆದುಕೊಳ್ಳುತ್ತಿದ್ದಾಳೆ ಎಂದೇ ಲೆಕ್ಕ. ಸುರೇಖಾ ಮಾತ್ರ ನನ್ನ ಬಳಿ ಬಂದು ಪಿಸುಗುಟ್ಟಿದಳು: "ಅಪ್ಪಾ, ಇಷ್ಟ ಸಾಕು. ಇನ್ನ ಸಂಜೀತನಕ ಏನೂ ಮಾಡಬ್ಯಾಡ. ನಿನ್ನ ಕಾಲಿಗೆ ಬೀಳ್ತೇನಿ."

ಉಂಡ ಮೇಲೆ ಎಲ್ಲರೂ ನೆರಳು ಹುಡುಕಿಕೊಂಡರು. ಅತ್ತೆ ಸೋಮವ್ವನವರು, ಪುಷ್ಪಲತಾ, ಸುರೇಖಾ ಕೂಡಿ ಭಾಂಡೆ ತೊಳೆಯಲು ಬೋರಿನ ಕಡೆ ಹೋದರು. ಶಂಕ್ರಪ್ಪ ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಬದು ಹತ್ತಿದರು. ನಾನು ಪೆಟ್ಟಿಗೆ ಹಿಡಿದು ಗಸ್ತು ಹೊರಟೆ. ಕಣವನ್ನು ಸುತ್ತಿ ಜೋಳದ ಬಣವಿಯ ಮಗ್ಗುಲಿಗೆ ಬಂದೆ. ಬಂದವನು ಅಲ್ಲೇ ಕಲ್ಲಾದೆ!

ಮೆಣಸಿನಕಾಯಿಯ ಅಂಚಿನಲ್ಲಿ ಮಾವನವರು ಬಿದ್ದಿದ್ದಾರೆ. ಬಾಯಿ ತೆರೆದಿದೆ. ಬಿಳಿ ಅಂಗಿ, ಬಿಳಿ ಧೋತರ. ಅವುಗಳ ತುಂಬ ಎದೆಯಿಂದ ಮೊಣಕಾಲಿನವರೆಗೆ ಕೆಂಪೋ ಕೆಂಪು!

ಇಲ್ಲಿ ಬುದ್ಧಿವಂತ ಓದುಗರು ಮುಗುಳುನಗುತ್ತಾರೆ ಎಂದು ಗೊತ್ತು. ಹೋಳಿಗೆ ಉಂಡ ಮನುಷ್ಯ ನಿದ್ದೆಯಲ್ಲಿ ಅರೆ ಒಣಗಿದ ಮೆಣಸಿನಕಾಯಿಯ ಮೇಲೆ ಉರುಳಾಡಿದರೆ ಬಟ್ಟೆಗೆ ಬಣ್ಣ ಹತ್ತುತ್ತದೆ ಎಂದು ಬ್ಯಾಡಗಿ ಸೀಮೆಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು! ಆದರೆ ಪ್ರಥಮ ಚಿಕಿತ್ಸೆ ಕಲಿತವನಿಗೆ ಕೆಂಪು ಬಣ್ಣವೆಲ್ಲ ರಕ್ತವೇ. ಅರ್ಧ ಕಲಿತವನಿಗಂತೂ ಮಲಗಿದವರೆಲ್ಲ ಹೆಣವೇ.

"ಮಾವನವರ! ಮಾವನವರ!"

ಮಾವನವರಿಗೆ ಎಚ್ಚರವಿದ್ದಾಗಲೇ ಕಿವಿ ಮಂದ. ಈಗ ಒಂದು ಗೊರಕೆ ಮಾತ್ರ ಉತ್ತರವಾಗಿ ಬಂತು. ಗಂಟಲಲ್ಲಿ ಗರಗರ ಸದ್ದು! ಇದಕ್ಕೆ ಫಿರೋಜ್ ಸರ್ ಏನೋ ಹೇಳಿದ್ದರು. ಏನದು? ಎತ್ತು? ಒತ್ತು? ರಕ್ತ ಸುರಿದರೆ ಎತ್ತಬೇಕೋ, ಮೂರ್ಛೆ ಹೋದರೆ ಒತ್ತಬೇಕೋ? ಯಾವುದಕ್ಕೋ ಮಗ್ಗುಲಿಗೆ ಹೊರಳಿಸಬೇಕು. ಇನ್ಯಾವುದಕ್ಕೋ ಕೂದಲೆಳೆಯಷ್ಟೂ ಅಲುಗಾಡಿಸಬಾರದು. ಎರಡೂ ಒಟ್ಟಿಗೆ ಆದವರಿಗೆ ಏನು ಮಾಡಬೇಕು? ಅಲುಗಾಡಿಸದೆ ಹೊರಳಿಸುವುದು ಹೇಗೆ? ತಲೆ ಗಾಣದಂತೆ ತಿರುಗಿತು. ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ಮಾಡಲು ನಿರ್ಧರಿಸಿದೆ.

ಅಲುಗಾಡಬಾರದು ಎಂದು ಬಣವಿಯಿಂದ ಜೋಳದ ದಂಟು ಹಿರಿದು ಎರಡೂ ಕಾಲುಗಳಿಗೆ ಆನಿಸಿ, ಬ್ಯಾಂಡೇಜಿನಿಂದ ಬಿಗಿದು ಕಟ್ಟಿದೆ. ಕಾಲುಗಳನ್ನು ಎತ್ತಿ ಮೆಣಸಿನಕಾಯಿ ಚೀಲದ ಮೇಲಿಟ್ಟೆ. ಆಮೇಲೆ ರಕ್ತ ಎಲ್ಲಿಂದ ಬರುತ್ತಿದೆ ಎಂದು ಎರಡೂ ಕೈಗಳಿಂದ ಒರೆಸಿ ಒರೆಸಿ ಹುಡುಕಿದೆ. ಹೊಟ್ಟೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಕೆಂಪು ಕಂಡಿತು. ಅಲ್ಲಿಯೇ ಇರಬೇಕು ಗಾಯ! ಜೈ ಎಂದು ಮೊಣಕಾಲೂರಿ, ಇಡೀ ಭಾರ ಹಾಕಿ ಒತ್ತಿದೆ.

ಹೋಳಿಗೆ, ಕಡುಬು, ಮೊಸರುಬುತ್ತಿ ತುಂಬಿದ ಹೊಟ್ಟೆ ಅದು. ಮಾವನವರು ಹಾಕಿದ ಕೂಗಿಗೆ ಬಣವಿಯ ಮೇಲಿನ ಬೆಳ್ಳಕ್ಕಿಗಳು ಗುತ್ತಲದ ಕಡೆ ಹಾರಿಹೋದವು.

ಅವರು ನನ್ನನ್ನು ಯಾವತ್ತೂ ಬಹುವಚನದಲ್ಲಿ ಮಾತಾಡಿಸುವವರು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಏಕವಚನಕ್ಕೆ ಇಳಿದರು: "ಇಳಿಯೋ ಮಗನ! ಯಾಕ ಕೊಲ್ಲಾಕತ್ತೀ ನನ್ನ!"

"ಪ್ರಜ್ಞೆ ಬಂತು!" ಎಂದು ಆನಂದದಿಂದ ಹಣೆಯ ಬೆವರು ಒರೆಸಿಕೊಂಡೆ. ಹಣೆಯಿಂದ ಕಣ್ಣೂ ಒರೆಸಿಕೊಂಡೆ.

ಸಂಭಾವಿತ ಮೆಣಸಿನಕಾಯಿ! ಬಣ್ಣಕ್ಕೆ ಮಾತ್ರ ಪ್ರಸಿದ್ಧವಾದ ಮೆಣಸಿನಕಾಯಿ! ನನ್ನ ಎರಡೂ ಕಣ್ಣುಗಳಲ್ಲಿ ಕಮ್ಮಾರನ ಕುಲುಮೆ ಹೊತ್ತಿಕೊಂಡಿತು. ಉರಿ ತಾಳದೆ ಮತ್ತೆ ಅದೇ ಕೈಯಿಂದ ತಿಕ್ಕಿದೆ. ಆಮೇಲೆ ಕುಲುಮೆಗೆ ತಿದಿ ಒತ್ತಿದಂತಾಯಿತು.

ಮುಂದಿನದ್ದನ್ನು ನಾನು ನೋಡಲಿಲ್ಲ, ಕೇಳಿದೆ. ಅಂದು ಸುತ್ತಲಿನ ಹೊಲಗಳಲ್ಲೆಲ್ಲ ಚರಗಕ್ಕೆ ಬಂದ ಜನ. ಮಾವನವರ ಕೂಗು ಕೇಳಿ ಹೆಜ್ಜೆಗಳು ಓಡಿ ಬಂದವು. ನಾನು ಕುರುಡಾಗಿ ಓಡಲು ಹೋಗಿ ಮೆತ್ತಗಿನದೊಂದಕ್ಕೆ ಎಡವಿ ಬಿದ್ದೆ. ಅದು ಫಕ್ಕೀರಸಾಬರ ಆನೆಕಾಲು.

"ಯಾ ಅಲ್ಲಾ! ಮುಳ್ಳು ಇನ್ನಷ್ಟು ಒಳಗ ಹೋತು!"

"ಏನಾತು? ಯಾರಿಗಾತು?"

"ಕಾಲಿಗೆ ದಂಟು ಕಟ್ಯಾರ ನೋಡ್ರಿ! ಹಾವು ಕಡದೈತಿ!"

"ಯಾರಿಗೆ?"

"ಸಿದ್ದಲಿಂಗಣ್ಣಗ!"

"ಹಂಗಾರ ಅಳಿಯ ಯಾಕ ಒದ್ದಾಡಾಕತ್ತಾನ?"

"ಅಂವಗೂ ಕಡದಿರಬೇಕು. ಜೋಡಿ ಹಾವು!"

"ಸಾಹೇಬ್ರ ಕಾಲ ನೋಡ್ರಿ, ಎಷ್ಟ ಬಾತೈತಿ! ಮೂರು ಮಂದಿಗೆ ಕಡದೈತಿ!"

ಬದುವಿನ ಮೇಲಿಂದ ಶಂಕ್ರಪ್ಪನವರ ಧ್ವನಿ ಬಂತು: "ನೂರಾ ಎಂಟಕ್ಕ ಹಚ್ಚೇನಿ! ಗಾಡಿ ಹೊಂಟೈತಿ!" ನೂರಾ ಎಂಟರ ಅಂಬುಲೆನ್ಸು ಆಗಿನ್ನೂ ಹೊಸತು. ಅತ್ತೆ ಸೋಮವ್ವನವರಿಗೆ ಗೊತ್ತಿದ್ದ ನೂರೆಂಟು ಎಂದರೆ ಅಷ್ಟೋತ್ತರ ಒಂದೇ. ಬೋರಿನ ಹತ್ತಿರವೇ ಕೈ ಮುಗಿದು ಶುರು ಮಾಡಿಯೇ ಬಿಟ್ಟರು.

ನನ್ನ ಮೂಗಿಗೆ ಯಾರೋ ಜಜ್ಜಿದ ಉಳ್ಳಾಗಡ್ಡಿ ಹಿಡಿದರು. ಇನ್ಯಾರೋ ಅದು ಸಾಲದೆಂದು ಕೆರ ಹಿಡಿದರು. ಅಂಗೈಗೆ ಕೀಲಿಕೈ ಬಂತು. ತಲೆಗೆ ಮಜ್ಜಿಗೆ ಸುರಿಯಿತು. "ಉರೀತೈತಿ! ಕಣ್ಣು ಉರೀತೈತಿ!" ಎಂದು ನಾನು ಅರಚುತ್ತಲೇ ಇದ್ದೆ.

ಆಗ ಯಾವನೋ ಒಬ್ಬ ಜ್ಞಾನಿ ಹೇಳಿದ: "ಹಾವಿನ ವಿಷ ಏರೇತೋ ಇಲ್ಲೋ ನೋಡಬೇಕಂದ್ರ ಒಂದು ಮೆಣಸಿನಕಾಯಿ ತಿನ್ನಸ್ರಿ. ಖಾರ ಹತ್ತಿದ್ರ ವಿಷ ಇಲ್ಲ. ಖಾರ ಹತ್ತಲಿಲ್ಲಂದ್ರ ವಿಷ ಏರೇತಿ ಅಂತ ತಿಳೀರಿ!"

ಸುತ್ತ ಮೆಣಸಿನಕಾಯಿಗೆ ಬರವೇ? ಒಂದನ್ನು ಮಾವನವರ ಬಾಯಿಗೆ ತುರುಕಿದರು. ಜಗಿದ ಸದ್ದು ಕೇಳಿತು.

"ಖಾರ ಐತೇನಪಾ ಸಿದ್ದಲಿಂಗಣ್ಣ?"

ಓದುಗರೇ, ಮಾವನವರ ಸಂಕಟವನ್ನು ಯೋಚಿಸಿ! ಬದು ಇಳಿದು ಬಂದ ವ್ಯಾಪಾರಿ ಶಂಕ್ರಪ್ಪ ಎದುರಿಗೇ ನಿಂತಿದ್ದಾರೆ. ಖಾರ ಎಂದರೆ ಬೀಜ ಬೆರಕೆ ಎಂದು ತಾನೇ ಒಪ್ಪಿಕೊಂಡಂತೆ. ಮಾವನವರು ಗದ್ಗದಿತರಾಗಿ ಹೇಳಿದರು:

"ಖಾರ? ಎಲ್ಲಿ ಖಾರ? ನಮ್ಮ ಕಾಯಿಗೆ ಖಾರ ಎಲ್ಲಿ ಬರಬೇಕು!"

"ಅಯ್ಯೋ! ಖಾರ ಹತ್ತವಲ್ದು! ವಿಷ ಏರೇತಿ! ಇನ್ನೊಂದು ತಿನ್ನಸ್ರಿ!"

ಇನ್ನೊಂದು ತಿನ್ನಿಸಿದರು. "ಖಾರ ಇಲ್ಲ," ಎಂದರು ಮಾವನವರು. ಅವರ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತಂತೆ. ಆಮೇಲೆ ತಿಳಿದದ್ದು.

"ಕಣ್ಣಾಗ ನೀರು ಯಾಕ ಬರಾಕತ್ತಾವು?"

"ಅಳಾಕತ್ತೇನಿ! ಸಾಯೂ ಹೊತ್ತಿನ್ಯಾಗ ಅಳಬಾರದೇನು?"

"ಉರಿ! ಉರಿ!" ಎಂದು ನಾನು ಇನ್ನೊಂದು ಕಡೆಯಿಂದ.

"ಮತ್ತ ಅಳಿಯ ಉರೀ ಉರೀ ಅನ್ನಾಕತ್ತಾನಲ್ಲ?" ಎಂದರು ಶಂಕ್ರಪ್ಪ, ವ್ಯಾಪಾರದ ದನಿಯಲ್ಲಿ.

"ನಮ್ಮ ಕಾಯಿಗೆ ಉರಿಯಂಗಿಲ್ಲ! ಅಂವಗ ಬ್ಯಾರೆ ಏನೋ ಆಗೇತಿ! ಅಂವಗೂ ಒಂದು ತಿನ್ನಸ್ರಿ!" ಎಂದು ಅಬ್ಬರಿಸಿದರು ಮಾವನವರು.

ನನ್ನ ದವಡೆಯನ್ನು ನಾಲ್ಕಾರು ಕೈಗಳು ಹಿಡಿದವು. ಎತ್ತಿದವು, ಒತ್ತಿದವು. ನನ್ನ ಸಿದ್ಧಾಂತ ನನ್ನ ಮೇಲೆಯೇ ಪ್ರಯೋಗವಾಗುತ್ತಿತ್ತು!

"ಎಲ್ಲಾರೂ ಹಿಂದ ಸರೀರಿ!"

ಇದಾರ ಧ್ವನಿ? ಪೊಲೀಸರೇ ಬಂದರೇ? ಮತ್ತೊಮ್ಮೆ ಕೇಳಿದಾಗ ಗೊತ್ತಾಯಿತು, ನಮ್ಮ ಸುರೇಖಾ! ಮನೆಯಲ್ಲಿ ಉಪ್ಪು ಕೊಡು ಎನ್ನಲೂ ನಾಚುವ ಹುಡುಗಿ ಕವಾಯತಿನ ದನಿಯಲ್ಲಿ ಗುಡುಗುತ್ತಿದ್ದಳು.

"ಯಾರೂ ಏನೂ ತಿನ್ನಸಬ್ಯಾಡ್ರಿ. ಕೆರ ಆ ಕಡೆ ಒಗೀರಿ. ಮೆಣಸಿನಕಾಯಿ ತಿನ್ನಿಸಿದ್ರ ಹಾವಿನ ವಿಷ ಗೊತ್ತಾಗಂಗಿಲ್ಲ, ಖರೇ ಹಾವು ಕಡದಿದ್ರ ನೀವು ಪರೀಕ್ಷಾ ಮಾಡೂದರಾಗ ಜೀವಾ ಹೋಗಿರ್ತಿತ್ತು. ಅಜ್ಜಾ, ಹಾವು ನೋಡೀಯೇನು?"

"ಇಲ್ಲ."

"ಏನರ ಕಚ್ಚಿದಂಗ ಆತೇನು? ಎಲ್ಲಿ ನೋವು?"

"ಹೊಟ್ಟಿ. ನಿಮ್ಮಪ್ಪ ಕುಂತಿದ್ದ."

ಅವಳು ಕಾಲಿನ ಕಟ್ಟು ಕತ್ತರಿಸಿ, ಅಂಗಿ ಎತ್ತಿ, ಕೈಕಾಲು, ಬೆನ್ನು ಎಲ್ಲ ನೋಡಿದಳಂತೆ. ಒಂದು ಗೀರೂ ಇರಲಿಲ್ಲ. ಅಂಗಿಯ ಕಲೆಯನ್ನು ಮೂಸಿ "ಇದು ರಕ್ತ ಅಲ್ಲ, ಬಣ್ಣ," ಎಂದಳು. ಆಮೇಲೆ ನನ್ನ ರಟ್ಟೆ ಹಿಡಿದು ಬೋರಿಗೆ ಎಳೆದೊಯ್ದಳು.

"ಅಪ್ಪಾ, ಕಣ್ಣು ಮುಟ್ಟಬ್ಯಾಡ. ಮೊದಲು ಕೈ ತೊಳಿ, ಸಬಕಾರ ಹಚ್ಚಿ."

"ಕಣ್ಣು ಉರೀತೈತವ್ವಾ! ಕೈ ಯಾಕ?"

"ಉರಿ ಇರೂದು ಕೈಯಾಗ. ತೊಳಿ ಅಂದೆ!"

ತೊಳೆದೆ. ತಲೆ ಒಂದು ಕಡೆ ವಾಲಿಸಿ, ಮಗಳು ತಂಬಿಗೆಯಿಂದ ಸಣ್ಣ ಧಾರೆಯಾಗಿ ಕಣ್ಣಿಗೆ ನೀರು ಬಿಟ್ಟಳು. ಬಿಡುತ್ತಲೇ ಇದ್ದಳು. ಸಾಕು ಎಂದೆ, ಬಿಡಲಿಲ್ಲ. ತಿಕ್ಕಲು ಹೋದೆ, ಕೈ ಮೇಲೆ ಏಟು ಬಿತ್ತು. ಬಹಳ ಹೊತ್ತಾದ ಮೇಲೆ ಮಂಜಿನಲ್ಲಿ ಮೊದಲು ಕಂಡದ್ದು ಪುಷ್ಪಲತಾಳ ಮುಖ. ಮತ್ತೆ ಕಣ್ಣು ಮುಚ್ಚಿಕೊಳ್ಳೋಣ ಎನ್ನಿಸಿತು.

"ಇದನ್ನೆಲ್ಲ ಎಲ್ಲಿ ಕಲತಿ?" ಎಂದು ಮಗಳನ್ನು ಕೇಳಿದೆ.

"ಎನ್‌ಸಿಸಿಯೊಳಗ. ವಾರದಿಂದ ಹೇಳಾಕ ಹತ್ತೇನಿ. ನೀ ಬಾಯಿ ತಗಿಯಾಕ ಬಿಟ್ಟೀಯೇನು?"

ನೂರಾ ಎಂಟರ ಗಾಡಿ ಸೈರನ್ ಊದುತ್ತ ಹೊಲಕ್ಕೆ ಇಳಿಯಿತು. "ಪೇಷಂಟ್ ಯಾರ್ರಿ?" ಎಂದ ಅದರ ಸಿಬ್ಬಂದಿ. ಅರ್ಧ ಜನ ಮಾವನವರ ಕಡೆ, ಅರ್ಧ ಜನ ನನ್ನ ಕಡೆ, ಅತ್ತೆ ಆಕಾಶದ ಕಡೆ ಕೈ ತೋರಿಸಿದರು. ಅವನು ನನ್ನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ.

"ಕಣ್ಣು ಚಲೋ ತೊಳದಾರ. ನಾವು ಮೊದಲ ಬಂದಿದ್ರೂ ಇದನ್ನ ಮಾಡ್ತಿದ್ವಿ. ನಾಳೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಸ್ರಿ," ಎಂದ. ಆಮೇಲೆ ನೆಲದ ಮೇಲೆ ಬಿದ್ದಿದ್ದ ದಂಟಿನ ಕಟ್ಟನ್ನು ಎತ್ತಿ ಹಿಡಿದು ಕೇಳಿದ: "ಇದನ್ನ ಕಟ್ಟಿದವರು ಯಾರು?"

ಜನವೆಲ್ಲ ಒಂದೇ ಕಡೆ ನೋಡುತ್ತಿತ್ತು. ನಾನೂ ಆ ಕಡೆ ನೋಡಲು ತಿರುಗಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.

ಆ ಸಿಬ್ಬಂದಿ ಫಕ್ಕೀರಸಾಬರ ಆನೆಕಾಲನ್ನು ಬಿಚ್ಚಿದ. ಬಿಚ್ಚಿದ, ಬಿಚ್ಚಿದ, ದ್ರೌಪದಿಯ ಸೀರೆಯಂತೆ ಬಿಚ್ಚಿದ. ಕೊನೆಗೆ ಮುಳ್ಳು ಸಿಕ್ಕಿತು. ಅದನ್ನು ಕಿತ್ತು, ತೊಳೆದು, ಹೆಬ್ಬೆರಳಿನಷ್ಟು ಅಗಲದ ಪಟ್ಟಿ ಅಂಟಿಸಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಿ ಎಂದು ಹೇಳಿ ಹೋದ.

ಸಂಜೆ ಬಣವಿಯ ನೆರಳಿನಲ್ಲಿ ಕೋರ್ಟು ಸೇರಿತು. ಮಾವನವರು ಕೆಂಪು ಅಂಗಿಯಲ್ಲೇ ಕೂತಿದ್ದರು. ಸುರೇಖಾ ನನ್ನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದ್ದಳು. ಅವಳ ದಾಂಡೇಲಿಯನ್ನು ನನ್ನ ಕೈಯಾರೆ ದಂಟು ಕಟ್ಟಿ ಮಲಗಿಸಿದ್ದೆ. "ಮಾವನವರ, ತಪ್ಪು ನಂದು. ಆಕೀದಲ್ಲ," ಎಂದೆ.

"ಅಪ್ಪಾ, ನೀ ಏನಂತಿ?" ಎಂದಳು ಪುಷ್ಪಲತಾ.

ಮಾವನವರು ಮೊಮ್ಮಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಆಕಿ ಒಬ್ಬಾಕೀನ ಹೋಗ್ಲಿ ಬಿಡು. ಅಡವ್ಯಾಗ ಏನಿರ್ತಾವ? ಹುಲಿ, ಕರಡಿ, ಹಾವು. ಇಂವ ಏನೂ ಇರೂದಿಲ್ಲಲ್ಲ!"

ಸುರೇಖಾ ಹಾರಿ ಅಜ್ಜನ ಕೊರಳಿಗೆ ಬಿದ್ದಳು. ಅವಳ ಅಂಗಿಯೂ ಕೆಂಪಾಯಿತು.

ಶಂಕ್ರಪ್ಪ ಹೋಗುವ ಮುಂದೆ ಕಣದಿಂದ ಒಂದು ಕಾಯಿ ಎತ್ತಿ, ಮುರಿದು, ನಾಲಿಗೆಗೆ ಮುಟ್ಟಿಸಿ ನೋಡಿದರು. "ಸಿದ್ದಲಿಂಗಣ್ಣ, ನಿಮ್ಮ ಕಾಯಿಯೊಳಗ ಒಂದೀಟು ಖಾರ ಐತಿ ನೋಡಪಾ."

"ಅದು ಕಾಯಿ ಖಾರ ಅಲ್ಲ, ಶಂಕ್ರಪ್ಪ. ನಮ್ಮ ಅಳಿಯನ ಕೈಗುಣ."

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಸಂಕ್ರಾಂತಿ ಮುಗಿದ ಮೇಲೆ ಸುರೇಖಾ ಬಂದು, "ಅಪ್ಪಾ, ಚಾರಣಕ್ಕ ಹೋಗೂ ಮುಂದ ನಮಗೆಲ್ಲಾ ರಾಣೆಬೆನ್ನೂರಾಗ ಒಂದು ದಿನ ಪ್ರಥಮ ಚಿಕಿತ್ಸೆ ತರಬೇತಿ ಐತಿ. ಫಿರೋಜ್ ಸರ್ ಬರ್ತಾರ. ನಿನ್ನ ಸಹಾಯ ಬೇಕಾಗೇತಿ ಅಂದಾರ," ಎಂದಳು.

ನನ್ನ ಸಹಾಯ! ನೋಡಿದಿರಾ, ವಿದ್ವತ್ತು ಬೂದಿ ಮುಚ್ಚಿದ ಕೆಂಡ! ಅನುಭವದ ಬಗ್ಗೆ ನಾಲ್ಕು ಮಾತು 'ಹಿತನುಡಿ' ಆಡಲು ಕರೆದಿದ್ದಾರೆ. ಶಾಲು ಹೊದಿಸಿದರೂ ಹೊದಿಸಬಹುದು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದೆ. ಶಾಲು ಹೊದಿಸುವುದನ್ನು ನೋಡಲಿ ಎಂದು ಪುಷ್ಪಲತಾಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಮೈದಾನದಲ್ಲಿ ಹುಡುಗ ಹುಡುಗಿಯರು ಸುತ್ತ ನಿಂತಿದ್ದರು. ನಟ್ಟನಡುವೆ ಒಂದು ಜಮಖಾನೆ. ಫಿರೋಜ್ ಸರ್ ನಗುತ್ತ ಕೈಮುಗಿದರು. "ಬರ್ರಿ ಸರ್, ಬರ್ರಿ. ನಿಮ್ಮಂಥಾವರ ಬೇಕಾಗಿತ್ತು. ಮಲಕೋರಿ."

"ಏನಂದ್ರಿ?"

"ಪಟ್ಟಿ ಕಟ್ಟೂದು ಕಲೀಬೇಕಂದ್ರ ಒಬ್ರು ಪೇಷಂಟ್ ಬೇಕಲ್ರಿ. ನಿಮ್ಮ ಮಗಳೇ ನಿಮ್ಮ ಹೆಸರು ಹೇಳಿದ್ಲು."

ಮಲಗಿದೆ. ಒಬ್ಬ ಕೈಗೆ ಕಟ್ಟಿದ, ಒಬ್ಬಳು ಕಾಲಿಗೆ ಕಟ್ಟಿದಳು, ಮತ್ತೊಬ್ಬ ತಲೆಗೆ ಸುತ್ತಿದ. "ಅಲ್ಲೋ ತಮ್ಮಾ, ಮೊದಲು ಎತ್ತಬೇಕು, ಆಮ್ಯಾಲೆ..." ಎಂದು ತಿದ್ದಲು ಹೋದೆ.

"ಪ್ರಜ್ಞೆ ತಪ್ಪಿದವರು ಮಾತಾಡಂಗಿಲ್ರಿ ಸರ್," ಎಂದರು ಫಿರೋಜ್.

ನಾನು ಮತ್ತೆ ಬಾಯಿ ತೆರೆದೆ. ಫಿರೋಜ್ ಸರ್ ಸುರೇಖಾಳ ಕಡೆ ನೋಡಿದರು. ಸುರೇಖಾ ಒಂದು ಉದ್ದ ಪಟ್ಟಿ ತೆಗೆದುಕೊಂಡು ಗದ್ದದ ಕೆಳಗಿನಿಂದ ನೆತ್ತಿಯ ಮೇಲಕ್ಕೆ ಒಂದು ಸುತ್ತು, ಹಣೆಯ ಮೇಲೆ ಒಂದು ಸುತ್ತು ತಂದು ಗಂಟು ಹಾಕಿದಳು. ದವಡೆ ಮುರಿದವರಿಗೆ ಕಟ್ಟುವ ಪಟ್ಟಿ ಅದಂತೆ. ಬಾಯಿ ಟಪ್ಪೆಂದು ಮುಚ್ಚಿತು. ಏನು ಮಾಡಿದರೂ ತೆರೆಯಲಾಗಲಿಲ್ಲ. ಮೂಗಿನಲ್ಲಿ "ಹುಂ ಹುಂ" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಇಷ್ಟು ಹೊತ್ತು ಹಿಂದಿನ ಸಾಲಿನಲ್ಲಿ ಕೂತಿದ್ದ ಪುಷ್ಪಲತಾ ಎದ್ದು, ಸೆರಗು ಸಿಕ್ಕಿಸಿಕೊಂಡು, ಜನ ಸರಿಸಿ ಮುಂದೆ ಬಂದಳು. ನನ್ನನ್ನು ಸುತ್ತ ತಿರುಗಿ ನೋಡಿದಳು. ಗಂಟು ಎಲ್ಲಿದೆ ಎಂದು ಬಗ್ಗಿ ಪರೀಕ್ಷಿಸಿದಳು. ಅವಳ ಮುಖದಲ್ಲಿ ಮದುವೆಯ ನಂತರ ನಾನೆಂದೂ ಕಾಣದ ಶಾಂತಿ ಇತ್ತು.

"ಸರ್," ಎಂದಳು ಫಿರೋಜ್ ಅವರಿಗೆ, "ಉಳಿದದ್ದೇನೂ ನನಗ ಬ್ಯಾಡ್ರಿ. ಇದೊಂದು ಪಟ್ಟಿ ಕಟ್ಟೂದು ಮಾತ್ರ ಕಲಸ್ರಿ."